ಗಣಕಸಮೂಹದ ದೋಷನಿದಾನದಲ್ಲಿ ರೇಖಾನಕ್ಷೆ

ತಾಲ್ಲೂಕು ಕಛೇರಿಯ ಕಿಟಕಿಯ ಮುಂದೆ ಪಹಣಿಗಾಗಿ ನಿಂತ ರೈತನಿಗೂ ಬ್ಯಾಂಕಿನ ಬೆಂಚಿನ ಮೇಲೆ ಪಿಂಚಣಿಗಾಗಿ ಕುಳಿತ ನಿವೃತ್ತ ಉಪಾಧ್ಯಾಯನಿಗೂ ಇಂದು ಸಮಾನವಾಗಿ ಪರಿಚಿತವಾದ ಮಾತೊಂದುಂಟು. ‘ಸರ್ವರ್ ಡೌನ್’ ಎಂಬುದೇ ಆ ಮಾತು. ಅದು ಕಿವಿಗೆ ಬಿದ್ದೊಡನೆ ಜನ ನಿಟ್ಟುಸಿರಿಟ್ಟು ಹಿಂದಿರುಗುತ್ತಾರೆ. ಯಾವ ಸರ್ವರ್, ಎಲ್ಲಿಯದು, ಏಕೆ ನಿಂತಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಕಿಟಕಿಯ ಆಚೆಗಿರುವ ಗುಮಾಸ್ತನಿಗೆ ಉತ್ತರ ತಿಳಿದಿರುವುದಿಲ್ಲ. ಮಳೆ ಬರಲಿಲ್ಲವೆಂಬಂತೆ, ಬಸ್ಸು ಬರಲಿಲ್ಲವೆಂಬಂತೆ ಇದೂ ಒಂದು ದೈವಾಧೀನ ಸಂಗತಿಯೆಂದು ಲೋಕ ಒಪ್ಪಿಕೊಂಡುಬಿಟ್ಟಿದೆ. ಆದರೆ ಇದರಲ್ಲಿ ದೈವದ ಪಾತ್ರವೇನೂ ಇಲ್ಲ. ಪ್ರತಿಯೊಂದು ಸಲವೂ ಕಾರಣವೊಂದಿರುತ್ತದೆ. ಆ ಕಾರಣವನ್ನು ಹುಡುಕಿ ತೆಗೆಯುವ ವಿದ್ಯೆಯೊಂದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಸಾಕಷ್ಟು ಬೆಳೆದಿದೆ. ಆ ವಿದ್ಯೆಯಲ್ಲಿ ಚಿತ್ರರೂಪದ ನಕ್ಷೆಗೆ ಇರುವ ಸ್ಥಾನವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ, ‘ಸರ್ವರ್’ ಎಂಬ ಏಕವಚನವೇ ಈಗ ಸಲ್ಲದು. ಉಪಾಧ್ಯಾಯರಿಗೆ ಹತ್ತಿರವಾದ ಒಂದು ನಿದರ್ಶನವನ್ನೇ ನೋಡಬಹುದು. 2017ರ ಸೆಪ್ಟೆಂಬರ್ 5ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾದ ‘ದೀಕ್ಷಾ’ ವ್ಯವಸ್ಥೆಯ ಮೂಲಕ, ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕಸಂಕೇತಕ್ಕೆ ಮೊಬೈಲನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಇದರ ತಳಹದಿಯಾದ ‘ಸನ್‌ಬರ್ಡ್’ ತಂತ್ರಾಂಶ ರೂಪುಗೊಂಡದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ನೋಡುವವರ ಕಣ್ಣಿಗೆ ಅದು ಒಂದೇ ಕಾರ್ಯ. ಒಳಗಾದರೋ ಬಳಕೆದಾರನ ಗುರುತನ್ನು ಪರಿಶೀಲಿಸುವುದೊಂದು, ಪಾಠವನ್ನು ಹುಡುಕುವುದೊಂದು, ಹುಡುಕಿದ್ದನ್ನು ತಂದೊಪ್ಪಿಸುವುದೊಂದು, ಪ್ರಮಾಣಪತ್ರ ಸಿದ್ಧಪಡಿಸುವುದೊಂದು, ಹೀಗೆ ಅನೇಕ ಸಣ್ಣ ಸೇವೆಗಳು ಪರಸ್ಪರ ಕೇಳಿ, ಹೇಳಿ, ಕೊಟ್ಟು, ಕೊಂಡು ಆ ಕಾರ್ಯವನ್ನು ಮುಗಿಸುತ್ತವೆ. ಮದುವೆಯ ಮನೆಯಲ್ಲಿ ಎಲೆ ಹಾಕುವವರು, ಅನ್ನ ಬಡಿಸುವವರು, ನೀರು ಕೊಡುವವರು ಬೇರೆ ಬೇರೆಯಾಗಿದ್ದು ಉಣ್ಣುವವನಿಗೆ ಊಟ ಮಾತ್ರ ಒಂದೇ ಆಗಿರುವಂತೆ. ಈ ಸೇವೆಗಳಲ್ಲಿ ಯಾವುದಾದರೊಂದು ತಡವರಿಸಿದರೂ ಉಣ್ಣುವವನು ದೂರುವುದು ತನ್ನ ಎದುರಿಗೆ ನಿಂತವನನ್ನೇ.

ಇಂಥ ಪ್ರತಿಯೊಂದು ಸಣ್ಣ ಸೇವೆಯನ್ನು ಅದಕ್ಕೆ ಬೇಕಾದ ಸಕಲ ಪರಿಕರಗಳೊಡನೆ ಕಟ್ಟಿ ಮುಚ್ಚಿಟ್ಟ ಗಂಟಿಗೆ ‘ಕಂಟೇನರ್’ ಎಂದು ಹೆಸರು. ಹೆಸರು ಬಂದದ್ದು ಹಡಗಿನ ವ್ಯಾಪಾರದಿಂದ. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಸಾರಿಗೆ ಉದ್ಯಮಿ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಸಾಗಿಸಿದನು. ಪೆಟ್ಟಿಗೆಯ ಒಳಗೆ ಏನಿದೆ ಎಂಬುದು ಹಡಗಿಗೂ ಬೇಡ, ಲಾರಿಗೂ ಬೇಡ. ಪೆಟ್ಟಿಗೆಯ ಅಳತೆ ಒಂದೇ ಆಗಿದ್ದರೆ ಸಾಕು. ಇದೇ ತತ್ತ್ವವನ್ನು ತಂತ್ರಾಂಶಕ್ಕೆ ಅನ್ವಯಿಸಿ ಜನಪ್ರಿಯಗೊಳಿಸಿದ್ದು 2013ರಲ್ಲಿ ಹೊರಬಂದ ‘ಡಾಕರ್’. ಒಬ್ಬನ ಯಂತ್ರದಲ್ಲಿ ನಡೆದ ಕ್ರಮವಿಧಿ ಇನ್ನೊಬ್ಬನ ಯಂತ್ರದಲ್ಲಿ ನಡೆಯಲೊಲ್ಲದೆಂಬ ಹಳೆಯ ತಕರಾರು ಇದರಿಂದ ಬಹುಮಟ್ಟಿಗೆ ತೀರಿತು.

ಪೆಟ್ಟಿಗೆಗಳು ಹತ್ತಿದ್ದಾಗ ಕೈಯಿಂದ ಹೊಂದಿಸಬಹುದು. ಸಾವಿರವಾದಾಗ ಒಬ್ಬ ನಾವಿಕ ಬೇಕು. 2014ರ ಜೂನ್ ತಿಂಗಳಲ್ಲಿ ಗೂಗಲ್ ಸಂಸ್ಥೆ ಪ್ರಕಟಿಸಿದ ‘ಕುಬರ್ನೆಟೀಸ್’ ಎಂಬ ವ್ಯವಸ್ಥೆಯೇ ಆ ನಾವಿಕ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಚುಕ್ಕಾಣಿ ಹಿಡಿದವನು ಎಂದರ್ಥ. ನಮ್ಮ ಕಾವ್ಯಗಳ ‘ಕರ್ಣಧಾರ’ ಎಂಬ ಮಾತು ಇದಕ್ಕೆ ಅಕ್ಷರಶಃ ಸಂವಾದಿ. ಅದರ ಲಾಂಛನವೂ ಏಳು ಅರಗಳ ಚುಕ್ಕಾಣಿಚಕ್ರವೇ. ಈ ವಿದ್ಯೆಯ ಹಲವು ಹೆಸರುಗಳು ಸಮುದ್ರದ ಕಡೆಯಿಂದಲೇ ಬಂದಿರುವುದು ಒಂದು ಸ್ವಾರಸ್ಯ. ಮುಂದೆ ಬರುವ ‘ಇಸ್ಟಿಯೊ’ ಎಂದರೆ ಹಾಯಿ, ‘ಕಿಯಾಲಿ’ ಎಂದರೆ ದುರ್ಬೀನು. ಚುಕ್ಕಾಣಿಯವನು, ಹಾಯಿ, ದುರ್ಬೀನು ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ವಿಷಯವನ್ನು ತಿಳಿಯುವುದು ಸುಲಭ.

ಈ ಕರ್ಣಧಾರನ ರೀತಿ ಹೀಗೆ. ಹಲವು ಗಣಕಯಂತ್ರಗಳನ್ನು ಒಂದು ಸಮೂಹವಾಗಿ ಅವನ ವಶಕ್ಕೆ ಕೊಡಲಾಗುತ್ತದೆ. ಈ ಸಮೂಹಕ್ಕೆ ‘ಕ್ಲಸ್ಟರ್’ ಎಂದೂ ಅದರ ಒಂದೊಂದು ಯಂತ್ರಕ್ಕೆ ‘ನೋಡ್’ ಎಂದೂ ಹೆಸರು. ಒಂದು ಅಥವಾ ಹೆಚ್ಚು ಕಂಟೇನರುಗಳು ಕೂಡಿರುವ ಅತ್ಯಂತ ಚಿಕ್ಕ ಘಟಕ ‘ಪಾಡ್’. ಅವರೆಯ ಕಾಯಿಯೊಳಗೆ ಕಾಳುಗಳಿರುವಂತೆ ಎಂದು ತಿಳಿದರೆ ಸರಿ. ಯಜಮಾನನಾದವನು ಇಂಥ ಸೇವೆಯ ಮೂರು ಪಾಡ್‌ಗಳು ಸದಾ ಇರತಕ್ಕದ್ದೆಂದು ಬರೆದುಕೊಟ್ಟರೆ ಮುಗಿಯಿತು: ಒಂದು ಸತ್ತರೆ ಇನ್ನೊಂದು ಹುಟ್ಟುತ್ತದೆ. ಬರೆದುಕೊಟ್ಟ ಸ್ಥಿತಿಗೂ ಇರುವ ಸ್ಥಿತಿಗೂ ಅಂತರವುಂಟೇ ಎಂದು ನೋಡುತ್ತ, ಇದ್ದರೆ ಅದನ್ನು ತುಂಬುತ್ತ ಹೋಗುವುದೇ ಕರ್ಣಧಾರನ ನಿತ್ಯಕರ್ಮ. ಪಾಡ್‌ಗಳು ಹೀಗೆ ಹುಟ್ಟಿ ಸಾಯುತ್ತಿರುವುದರಿಂದ ಅವುಗಳ ವಿಳಾಸವೂ ಬದಲಾಗುತ್ತಿರುತ್ತದೆ. ಆದಕಾರಣ ಹೊರಗಿನವರಿಗೆ ಸ್ಥಿರವಾದ ಒಂದು ಹೆಸರನ್ನು ಕೊಟ್ಟು, ಬಂದ ಕೋರಿಕೆಯನ್ನು ಬದುಕಿರುವ ಯಾವುದಾದರೊಂದು ಪಾಡ್‌ಗೆ ತಲುಪಿಸುವ ‘ಸರ್ವಿಸ್’ ಎಂಬ ಮಧ್ಯಸ್ಥನಿರುತ್ತಾನೆ. ಯಾವ ಪಾಡ್‌ಗಳು ತನ್ನವು ಎಂಬುದನ್ನು ಸರ್ವಿಸ್ ಅರಿಯುವುದು ಅವುಗಳ ಮೇಲೆ ಅಂಟಿಸಿದ ‘ಲೇಬಲ್’ ಎಂಬ ಚೀಟಿಯಿಂದ.

ಇಲ್ಲಿಯೇ ತೊಡಕು ಹುಟ್ಟುವುದು. ಸರ್ವಿಸ್ ಹುಡುಕುವ ಚೀಟಿಯ ಮೇಲೆ ‘ರೇಟಿಂಗ್ಸ್’ ಎಂದಿದ್ದು ಪಾಡ್ ಮೇಲಿನ ಚೀಟಿಯಲ್ಲಿ ‘ರೇಟಿಂಗ್’ ಎಂದಷ್ಟೇ ಬರೆದುಬಿಟ್ಟರೆಂದು ಊಹಿಸಬಹುದು. ಕ್ಯೂಬ್‌ಕಂಟ್ರೋಲ್ ಎಂಬ ಆಜ್ಞಾಸಾಧನದಿಂದ ಪಾಡ್‌ಗಳ ಪಟ್ಟಿ ತರಿಸಿದರೆ ಮೂರೂ ನಡೆಯುತ್ತಿವೆ ಎಂದು ಕಾಣುತ್ತದೆ. ಸರ್ವಿಸ್‌ಗಳ ಪಟ್ಟಿ ತರಿಸಿದರೆ ಸರ್ವಿಸ್ ಇದೆ ಎಂದು ಕಾಣುತ್ತದೆ. ಪಟ್ಟಿಯ ಒಂದೊಂದು ಸಾಲೂ ನಿರ್ದುಷ್ಟ. ಆದರೂ ಕೋರಿಕೆ ಯಾರಿಗೂ ತಲುಪದು. ಊರ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋದ ಅಂಚೆಯ ಲಕೋಟೆಯಂತೆ ಅದು ಅನಾಥ. ಪಟ್ಟಿಯು ವಸ್ತುಗಳನ್ನು ಹೇಳುತ್ತದೆ, ವಸ್ತುಗಳ ನಡುವಣ ಸಂಬಂಧವನ್ನು ಹೇಳುವುದಿಲ್ಲ. ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ. ಪದಪದವೂ ಶುದ್ಧವಾಗಿದ್ದು, ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳಲ್ಲಿ ಒಂದು ಇಲ್ಲವಾದರೂ ವಾಕ್ಯಾರ್ಥ ಕೂಡಿಬಾರದು. ನಿಘಂಟನ್ನು ಎಷ್ಟು ತಿರುವಿಹಾಕಿದರೂ ಆ ದೋಷ ಅಲ್ಲಿ ಸಿಕ್ಕದು.

ಸಂಬಂಧವನ್ನೇ ಬರೆದು ತೋರಿಸುವ ಚಿತ್ರಕ್ಕೆ ಗಣಿತಜ್ಞರು ‘ಗ್ರಾಫ್’ ಎನ್ನುತ್ತಾರೆ. ಪಾಠಶಾಲೆಯಲ್ಲಿ ಚೌಕಳಿ ಕಾಗದದ ಮೇಲೆ ಎಳೆಯುವ ವಕ್ರರೇಖೆಯ ಗ್ರಾಫ್ ಬೇರೆ, ಇದು ಬೇರೆ. ಇಲ್ಲಿ ಇರುವುದು ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಗೆರೆಗಳು ಮಾತ್ರ. ಬಿಂದು ಎಲ್ಲಿದೆ, ಗೆರೆ ಎಷ್ಟು ಉದ್ದ ಎಂಬುದು ಲೆಕ್ಕಕ್ಕಿಲ್ಲ. ಯಾವುದಕ್ಕೂ ಯಾವುದಕ್ಕೂ ಕೂಟವಿದೆ ಎಂಬುದೊಂದೇ ಮುಖ್ಯ. ಈ ಶಾಸ್ತ್ರದ ಮೂಲವನ್ನು ಲಿಯೊನಾರ್ಡ್ ಆಯ್ಲರ್‌ನ 1736ರ ಪ್ರಬಂಧಕ್ಕೆ ಒಯ್ಯುವುದು ವಾಡಿಕೆ. ಕ್ಯೋನಿಗ್ಸ್‌ಬರ್ಗ್ ಎಂಬ ನಗರದಲ್ಲಿ, ಅದು ಈಗ ರಷ್ಯಕ್ಕೆ ಸೇರಿದ ಕಲಿನಿನ್‌ಗ್ರಾಡ್, ನದಿಯ ಮೇಲೆ ಏಳು ಸೇತುವೆಗಳಿದ್ದವು; ಪ್ರತಿಯೊಂದನ್ನೂ ಒಂದೊಂದೇ ಸಲ ದಾಟಿ ಊರನ್ನು ಸುತ್ತಬಹುದೇ ಎಂಬುದು ಪ್ರಶ್ನೆ. ನಾಲ್ಕು ಭೂಭಾಗಗಳಲ್ಲಿ ಪ್ರತಿಯೊಂದಕ್ಕೂ ಬೆಸಸಂಖ್ಯೆಯ ಸೇತುವೆಗಳಿರುವುದರಿಂದ ಅದು ಅಸಾಧ್ಯವೆಂದು ಆಯ್ಲರ್ ಸಾಧಿಸಿದನು. ಬೀದಿ, ಮನೆ, ದೂರ ಎಲ್ಲವನ್ನೂ ಬಿಟ್ಟು ಸಂಬಂಧವೊಂದನ್ನೇ ಇರಿಸಿಕೊಂಡದ್ದು ಆತನ ಹಿರಿಮೆ. ಬಿಂದು ಮತ್ತು ಗೆರೆಗಳ ಇಂದಿನ ಚಿತ್ರವನ್ನು ಆತ ಬರೆದವನಲ್ಲ, ಅಕ್ಷರಗಳಿಂದಲೇ ತರ್ಕಿಸಿದನು. ಚಿತ್ರ ಬಂದದ್ದು ಅನಂತರ.

ಗಣಕಸಮೂಹದ ನಕ್ಷೆಯಲ್ಲಿ ಗೆರೆಗಳು ಎರಡು ಜಾತಿಯವು. ಯಾರು ಯಾರಿಗೆ ಸೇರಿದವರು ಎಂದು ಹೇಳುವ ಗೆರೆ ಒಂದು: ಈ ಪಾಡ್ ಈ ನಿಯೋಜನೆಯಿಂದ ಹುಟ್ಟಿತು, ಈ ಸರ್ವಿಸ್ ಈ ಪಾಡ್‌ಗಳನ್ನು ಆರಿಸಿಕೊಂಡಿದೆ ಎಂಬುದು. ಇದು ವಂಶವೃಕ್ಷದಂತೆ. ‘ಆರ್ಗೊ ಸಿಡಿ’ ಮೊದಲಾದ ಸಾಧನಗಳು ತೋರಿಸುವ ವೃಕ್ಷ ಈ ಜಾತಿಯದು. ಮೇಲೆ ಹೇಳಿದ ಚೀಟಿಯ ದೋಷ ಇಂಥ ನಕ್ಷೆಯಲ್ಲಿ ಕ್ಷಣಮಾತ್ರದಲ್ಲಿ ಗೋಚರ; ಸರ್ವಿಸ್ ಎಂಬ ಬಿಂದುವಿನಿಂದ ಪಾಡ್ ಕಡೆಗೆ ಗೆರೆಯೇ ಹೊರಡದೆ ಅದು ಒಂಟಿಯಾಗಿ ನಿಂತಿರುತ್ತದೆ. ಇನ್ನೊಂದು ಜಾತಿಯ ಗೆರೆ, ಯಾರು ಯಾರೊಡನೆ ಮಾತನಾಡುತ್ತಿದ್ದಾರೆ ಎಂಬುದನ್ನು ಹೇಳುತ್ತದೆ. ವಂಶವೃಕ್ಷದಲ್ಲಿ ಅಣ್ಣತಮ್ಮಂದಿರೆಂದು ಬರೆದಿದ್ದರೂ ಅವರ ನಡುವೆ ಮಾತುಕತೆ ನಿಂತುಹೋಗಿರಬಹುದಷ್ಟೆ! ಈ ಎರಡನೆಯ ಜಾತಿಯ ನಕ್ಷೆಯನ್ನು ಬಿಡಿಸುವ ಸಾಧನಗಳಲ್ಲಿ ‘ವೀವ್ ಸ್ಕೋಪ್’ ಎಂಬುದು ಒಂದು ಕಾಲಕ್ಕೆ ಬಹಳ ಮೆಚ್ಚುಗೆ ಪಡೆದಿತ್ತು. ಅದನ್ನು ರೂಪಿಸಿದ ವೀವ್‌ವರ್ಕ್ಸ್ ಸಂಸ್ಥೆ 2024ರಲ್ಲಿ ಮುಚ್ಚಿಹೋಯಿತು. ಇಲ್ಲಿ ವಿವರಿಸಲು ಎತ್ತಿಕೊಂಡಿರುವುದು ‘ಕಿಯಾಲಿ’ಯನ್ನು.

ಕಿಯಾಲಿಗೆ ತನ್ನದೇ ಆದ ಕಣ್ಣಿಲ್ಲ. ಅದು ಇಸ್ಟಿಯೊ ಎಂಬ ಹಾಯಿಯನ್ನು ಆಶ್ರಯಿಸಿದೆ. 2017ರ ಮೇ ತಿಂಗಳಲ್ಲಿ ಗೂಗಲ್, ಐಬಿಎಂ ಮತ್ತು ಲಿಫ್ಟ್ ಸಂಸ್ಥೆಗಳು ಕೂಡಿ ಪ್ರಕಟಿಸಿದ ಇಸ್ಟಿಯೊ ಪ್ರತಿಯೊಂದು ಪಾಡ್‌ನಲ್ಲಿಯೂ ಮುಖ್ಯ ಕಂಟೇನರಿನ ಮಗ್ಗುಲಿಗೆ ಒಬ್ಬ ‘ಎನ್ವಾಯ್’ನನ್ನು, ಎಂದರೆ ದೂತನನ್ನು, ಕೂರಿಸುತ್ತದೆ. ಮೋಟಾರು ಸೈಕಲ್ಲಿನ ಪಕ್ಕದ ತೊಟ್ಟಿಲಿನಲ್ಲಿ ಕುಳಿತವನಂತೆ ಇರುವ ಈ ದೂತನ ಮೂಲಕವೇ ಸೇವೆಯ ಒಳಬರುವ, ಹೊರಹೋಗುವ ಮಾತೆಲ್ಲ ಹಾಯತಕ್ಕದ್ದು. ಯಾರು ಕೇಳಿದರು, ಯಾರನ್ನು ಕೇಳಿದರು, ಉತ್ತರದ ಸಂಕೇತಸಂಖ್ಯೆ ಏನು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ದೂತ ಎಣಿಸಿಡುತ್ತಾನೆ. ‘ಪ್ರೊಮೀಥಿಯಸ್’ ಎಂಬ ಸಂಗ್ರಾಹಕ ಈ ಎಣಿಕೆಗಳನ್ನು ಆಗಾಗ ಕಲೆಹಾಕುತ್ತಾನೆ. ಕಿಯಾಲಿ ಅವನ ಕಡತವನ್ನು ಓದಿ ನಕ್ಷೆ ಬಿಡಿಸುತ್ತದೆ. (ದೂತನನ್ನು ಪ್ರತಿ ಪಾಡ್‌ಗೂ ಕೂರಿಸದೆ ನಡೆಸುವ ಇನ್ನೊಂದು ಕ್ರಮವೂ 2024ರಲ್ಲಿ ಬಳಕೆಗೆ ಸಿದ್ಧವಾಯಿತು, ಅದರ ವಿಚಾರ ಇಲ್ಲಿ ಅಪ್ರಸ್ತುತ.) ಆರೋಗ್ಯವಾಗಿರುವ ಗೆರೆ ಹಸಿರು, ತುಸು ಕೆಟ್ಟದ್ದು ಕಿತ್ತಳೆ, ಕೆಟ್ಟೇಹೋದದ್ದು ಕೆಂಪು, ಸಂಚಾರವಿಲ್ಲದ್ದು ಬೂದು. ಸೇವೆಯ ಕಡೆಯಿಂದಲೇ ಆದ ತಪ್ಪನ್ನು ಸೂಚಿಸುವ 500ರ ವರ್ಗದ ಉತ್ತರಗಳು ನೂರಕ್ಕೆ ಹತ್ತನ್ನು ಮುಟ್ಟಿದರೆ ಕೆಂಪಾಗುವುದು ಮೊದಲೇ ಗೊತ್ತುಮಾಡಿರುವ ಮಿತಿ. ಬೇಕಾದವರು ಅದನ್ನು ಬದಲಿಸಿಕೊಳ್ಳಬಹುದು. ಗೆರೆಯ ಮೇಲೆ ಉತ್ತರಕ್ಕೆ ಹಿಡಿದ ಕಾಲವನ್ನೂ ಬರೆಸಬಹುದು.

ಈ ಕಾಲದ ವಿಷಯದಲ್ಲಿ ಒಂದು ಮಾತು ಅಗತ್ಯ. ನೂರು ಕೋರಿಕೆಗಳಲ್ಲಿ ತೊಂಬತ್ತೈದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಉತ್ತರ ಬಂದು, ಉಳಿದ ಐದಕ್ಕೆ ಏಳೇಳು ಸೆಕೆಂಡು ಹಿಡಿದರೆ ಸರಾಸರಿ ಅರ್ಧ ಸೆಕೆಂಡಿಗೂ ಕಡಮೆ. ಸರಾಸರಿಯನ್ನು ನೋಡಿದ ಅಧಿಕಾರಿ ಎಲ್ಲವೂ ಸರಿಯಾಗಿದೆ ಎನ್ನುತ್ತಾನೆ. ಆ ಐವರ ದೂರು ಸುಳ್ಳೆನಿಸಿಕೊಳ್ಳುತ್ತದೆ. ತರಗತಿಯ ಸರಾಸರಿ ಅಂಕ ಚೆನ್ನಾಗಿದ್ದರೂ ಹಿಂದಿನ ಬೆಂಚಿನಲ್ಲಿ ನಪಾಸಾದ ಹುಡುಗರಿರುವುದನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಕಿಯಾಲಿಯ ಗೆರೆಯ ಮೇಲೆ ಸರಾಸರಿಯ ಬದಲು, ವೇಗದ ಕ್ರಮದಲ್ಲಿ ನಿಲ್ಲಿಸಿದಾಗ ನೂರರಲ್ಲಿ ತೊಂಬತ್ತೊಂಬತ್ತನೆಯದಕ್ಕೆ ಹಿಡಿದ ಕಾಲವನ್ನು ಬರೆಸುವುದೇ ಲೇಸು. ಮೇಲಿನ ಲೆಕ್ಕದಲ್ಲಿ ಅದು ಏಳು ಸೆಕೆಂಡು ಎಂದೇ ಹೇಳುತ್ತದೆ.

ಈಗ ಒಂದು ಪ್ರತ್ಯಕ್ಷ ಪ್ರಯೋಗವನ್ನು ನೋಡಬಹುದು. ಇಸ್ಟಿಯೊ ಕಲಿಯುವವರ ಅಭ್ಯಾಸಕ್ಕಾಗಿ ಅದರ ಕರ್ತೃಗಳೇ ‘ಬುಕ್‌ಇನ್ಫೊ’ ಎಂಬ ಸಣ್ಣ ಪುಸ್ತಕದಂಗಡಿಯನ್ನು ಕಟ್ಟಿಕೊಟ್ಟಿದ್ದಾರೆ. ಅಂಗಡಿಯಲ್ಲಿರುವುದು ಒಂದೇ ಪುಸ್ತಕ, ಷೇಕ್ಸ್‌ಪಿಯರನ ‘ದಿ ಕಾಮೆಡಿ ಆಫ್ ಎರರ್ಸ್’. ಒಬ್ಬನ ತಪ್ಪಿಗೆ ಇನ್ನೊಬ್ಬ ಪೆಟ್ಟು ತಿನ್ನುವ ಆ ನಾಟಕವು ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ದ ಮೂಲಕ ಕನ್ನಡಿಗರಿಗೂ ಪರಿಚಿತ. ದೋಷನಿದಾನದ ಅಭ್ಯಾಸಕ್ಕೆ ಇದಕ್ಕಿಂತ ಉಚಿತವಾದ ಪುಸ್ತಕವನ್ನು ಆರಿಸುವುದು ಕಷ್ಟ.

ಅಂಗಡಿಯಲ್ಲಿ ನಾಲ್ಕು ಸೇವೆಗಳಿವೆ. ಪುಟವನ್ನು ಕಟ್ಟುವುದು ‘ಪ್ರಾಡಕ್ಟ್‌ಪೇಜ್’; ಇದನ್ನು ಮುಂಗಟ್ಟು ಎನ್ನಬಹುದು. ಪುಟಸಂಖ್ಯೆ ಮುಂತಾದ ವಿವರವನ್ನು ಕೊಡುವುದು ‘ಡೀಟೇಲ್ಸ್’. ಓದುಗರ ವಿಮರ್ಶೆಯನ್ನು ಕೊಡುವುದು ‘ರಿವ್ಯೂಸ್’. ವಿಮರ್ಶೆಗೆ ತಕ್ಕ ನಕ್ಷತ್ರಗಳನ್ನು ಕೊಡುವುದು ‘ರೇಟಿಂಗ್ಸ್’. ಮುಂಗಟ್ಟು ಡೀಟೇಲ್ಸನ್ನೂ ರಿವ್ಯೂಸನ್ನೂ ಕೇಳುತ್ತದೆ. ರಿವ್ಯೂಸ್ ತನ್ನ ಪಾಲಿಗೆ ರೇಟಿಂಗ್ಸನ್ನು ಕೇಳುತ್ತದೆ. ರಿವ್ಯೂಸ್‌ಗೆ ಮೂರು ಆವೃತ್ತಿಗಳುಂಟು: ಮೊದಲನೆಯದು ನಕ್ಷತ್ರದ ಗೋಜಿಗೇ ಹೋಗದು, ಎರಡನೆಯದು ಕಪ್ಪು ನಕ್ಷತ್ರಗಳನ್ನೂ ಮೂರನೆಯದು ಕೆಂಪು ನಕ್ಷತ್ರಗಳನ್ನೂ ತೋರಿಸುತ್ತದೆ. ನಾಲ್ಕು ಸೇವೆಗಳನ್ನು ಬರೆದಿರುವ ಭಾಷೆಗಳೂ ನಾಲ್ಕು. ಪೈಥಾನ್, ರೂಬಿ, ಜಾವಾ, ನೋಡ್ ಜೆಎಸ್.

ಪ್ರಯೋಗಕ್ಕೆ ಒಂದು ಕೃತಕ ವಿಘ್ನವನ್ನು ಒಡ್ಡಲಾಗುತ್ತದೆ. ಜೇಸನ್ ಎಂಬ ಕಲ್ಪಿತ ಬಳಕೆದಾರ ಒಳಬಂದರೆ ಅವನ ಕೋರಿಕೆ ರಿವ್ಯೂಸ್‌ನ ಎರಡನೆಯ ಆವೃತ್ತಿಗೆ ಹೋಗಬೇಕು. ಅಲ್ಲಿಂದ ರೇಟಿಂಗ್ಸ್ ಕಡೆಗೆ ಹೊರಟ ಮಾತನ್ನು ದೂತ ಏಳು ಸೆಕೆಂಡು ತಡೆದು ಬಿಡಬೇಕು. ಉಳಿದವರೆಲ್ಲರ ಕೋರಿಕೆ ಮೊದಲನೆಯ ಆವೃತ್ತಿಗೆ. ಜೇಸನ್ ಪುಟವನ್ನು ತೆರೆಯುತ್ತಾನೆ. ಸುಮಾರು ಆರು ಸೆಕೆಂಡು ಕಾದ ಮೇಲೆ ಪುಟ ಬರುತ್ತದೆ, ಆದರೆ ವಿಮರ್ಶೆಯ ಜಾಗದಲ್ಲಿ ಈ ಪುಸ್ತಕದ ವಿಮರ್ಶೆಗಳು ಸದ್ಯಕ್ಕೆ ಲಭ್ಯವಿಲ್ಲವೆಂಬ ವಿಷಾದದ ಮಾತು. ಪಕ್ಕದ ಯಂತ್ರದಲ್ಲಿ ಕುಳಿತವನಿಗೆ ಎಲ್ಲವೂ ಸರಿಯಾಗಿದೆ. ‘ನನಗೆ ಬರುತ್ತಿದೆಯಲ್ಲ’ ಎಂಬ ಉತ್ತರ ಜೇಸನ್ನನಿಗೆ ಸಿದ್ಧ. ಸರ್ಕಾರಿ ಕಿಟಕಿಗಳ ಮುಂದೆ ಒಂಟಿಯಾಗಿ ದೂರುವವನಿಗೆ ಸಿಗುವ ಉತ್ತರವೂ ಅದೇ.

ಪುಟದ ಮೇಲಿನ ಮಾತನ್ನು ನಂಬಿದರೆ ತಪ್ಪು ರಿವ್ಯೂಸ್‌ನದು. ಆದರೆ ರಿವ್ಯೂಸ್ ಸತ್ತಿಲ್ಲ, ಅದರ ಪಾಡ್ ನಡೆಯುತ್ತಿದೆ, ಅದರ ದಿನಚರಿಯಲ್ಲಿ ತಪ್ಪಿನ ಸುಳಿವಿಲ್ಲ. ಪಟ್ಟಿಯನ್ನೇ ನೆಚ್ಚಿದ ತರುಣ ಇಂಜಿನಿಯರನಾದರೆ ರಿವ್ಯೂಸನ್ನು ಕೊಂದು ಮತ್ತೆ ಹುಟ್ಟಿಸುತ್ತಾನೆ; ಫಲವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಿಯಾಲಿಯ ನಕ್ಷೆಯನ್ನು ತೆರೆದು ಗೆರೆಗಳ ಮೇಲೆ ಕಾಲವನ್ನು ಬರೆಸಿಕೊಂಡವನು ಬೇರೊಂದನ್ನು ಗಮನಿಸುತ್ತಾನೆ. ಮುಂಗಟ್ಟಿನಿಂದ ಡೀಟೇಲ್ಸಿಗೆ ಹೋಗುವ ಗೆರೆಯಲ್ಲಿ ವಿಳಂಬವಿಲ್ಲ. ವಿಳಂಬವಿರುವುದು ರಿವ್ಯೂಸ್‌ನ ಎರಡನೆಯ ಆವೃತ್ತಿಯನ್ನು ಹಾದು ರೇಟಿಂಗ್ಸಿಗೆ ಹೋಗುವ ದಾರಿಯಲ್ಲಿ. ಮೊದಲನೆಯ ಆವೃತ್ತಿಯಿಂದ ರೇಟಿಂಗ್ಸಿಗೆ ಗೆರೆಯೇ ಇಲ್ಲ. ಅದನ್ನು ಬಳಸಿದವರಿಗೆ ತೊಂದರೆಯೂ ಇಲ್ಲ. ನ್ಯಾಯಶಾಸ್ತ್ರದ ಅನ್ವಯ ವ್ಯತಿರೇಕಗಳು ಇಲ್ಲಿ ಚಿತ್ರದಲ್ಲಿಯೇ ಕಣ್ಣಿಗೆ ಕಟ್ಟುತ್ತವೆ: ಆ ಗೆರೆ ಇದ್ದಲ್ಲಿ ರೋಗವಿದೆ, ಆ ಗೆರೆ ಇಲ್ಲದಲ್ಲಿ ರೋಗವಿಲ್ಲ. ಹಾಗಾದರೆ ರೇಟಿಂಗ್ಸೇ ಅಪರಾಧಿಯೆ?

ಅದೂ ಅಲ್ಲವೆಂಬುದು ಈ ಪ್ರಯೋಗದ ಸಾರಸ್ಯ. ಏಳು ಸೆಕೆಂಡು ತಡವಾದರೂ ರೇಟಿಂಗ್ಸ್ ಉತ್ತರ ಕೊಡುತ್ತದೆ. ರಿವ್ಯೂಸ್ ಕೂಡ ಅವಸರಪಡುವುದಿಲ್ಲ. ಹತ್ತು ಸೆಕೆಂಡುಗಳವರೆಗೆ ಕಾಯಬೇಕೆಂದು ಅದನ್ನು ಬರೆದವನು ಗೊತ್ತುಮಾಡಿದ್ದಾನೆ, ಏಳು ಹತ್ತಕ್ಕಿಂತ ಕಡಮೆ. ಆದರೆ ಮುಂಗಟ್ಟನ್ನು ಬರೆದವನು ಮೂರು ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳಿ, ಮತ್ತೆ ಮೂರು ಸೆಕೆಂಡು ಕಾದು ಕೈಬಿಡಬೇಕೆಂದು ಗೊತ್ತುಮಾಡಿದ್ದಾನೆ. ಒಟ್ಟು ಆರು. ಕೇಳಿದವನು ಮೂರಕ್ಕೆ ಎದ್ದುಹೋಗುತ್ತಾನೆ. ಕೇಳಿಸಿಕೊಂಡವನು ಏಳರವರೆಗೆ ತಾಳ್ಮೆಯಿಂದ ಕಾದು ಉತ್ತರ ಹಿಡಿದು ತಿರುಗಿದರೆ ಎದುರಿಗೆ ಯಾರೂ ಇಲ್ಲ. ಎರಡನೆಯ ಸಲ ಕೇಳಿದಾಗಲೂ ಇದೇ ಗತಿ. ಏಳು ಸೆಕೆಂಡಿನ ವಿಘ್ನ ಕೃತಕವಾದದ್ದು ನಿಜ; ಆದರೆ ಹತ್ತು ಮತ್ತು ಮೂರರ ವಿರಸವು ಬರಹದಲ್ಲಿಯೇ ಮೊದಲಿನಿಂದ ಅಡಗಿತ್ತು, ವಿಘ್ನ ಅದನ್ನು ಬೆಳಕಿಗೆ ತಂದಿತಷ್ಟೆ. ಬೇರೆ ಬೇರೆ ಕೈಗಳು ಬೇರೆ ಬೇರೆ ಕಾಲದಲ್ಲಿ ಬರೆದ ಸೇವೆಗಳಲ್ಲಿ ಇಂಥ ವಿರಸ ನುಸುಳುವುದು ಅಪರೂಪವೇನಲ್ಲ. ಬಿಂದುಗಳಲ್ಲಿ ಯಾವುದೂ ರೋಗಿಯಲ್ಲ. ದೋಷವಿರುವುದು ಒಂದು ಗೆರೆಗೂ ಅದರ ಮುಂದಿನ ಗೆರೆಗೂ ನಡುವೆ.

ಚಿಕಿತ್ಸೆ ಎರಡು ಬಗೆ. ಮುಂಗಟ್ಟಿನ ತಾಳ್ಮೆಯನ್ನು ಹೆಚ್ಚಿಸಬಹುದು, ಅಥವಾ ರಿವ್ಯೂಸ್‌ನ ತಾಳ್ಮೆಯನ್ನು ಇಳಿಸಬಹುದು. ಬುಕ್‌ಇನ್ಫೊವಿನ ಕರ್ತೃಗಳು ಎರಡನೆಯದನ್ನು ಆರಿಸಿ, ರಿವ್ಯೂಸ್‌ನ ಮೂರನೆಯ ಆವೃತ್ತಿಯಲ್ಲಿ ಹತ್ತನ್ನು ಎರಡೂವರೆ ಸೆಕೆಂಡಿಗೆ ಇಳಿಸಿದ್ದಾರೆ. ಎರಡೂವರೆ ಮೂರಕ್ಕಿಂತ ಕಡಮೆಯಾದ್ದರಿಂದ, ರೇಟಿಂಗ್ಸ್ ಕೈಕೊಟ್ಟರೂ ರಿವ್ಯೂಸ್ ಸಕಾಲದಲ್ಲಿ ಮುಂಗಟ್ಟಿಗೆ ವಿಮರ್ಶೆಯನ್ನಾದರೂ ಒಪ್ಪಿಸುತ್ತದೆ. ನಕ್ಷತ್ರ ಮಾತ್ರ ಇರುವುದಿಲ್ಲ. ಅರ್ಧ ಹೋದರೂ ಅರ್ಧ ಉಳಿಯಿತೆಂಬ ಈ ವಿವೇಕ ಮೊದಲನೆಯ ಚಿಕಿತ್ಸೆಯಲ್ಲಿಲ್ಲ. ಒಳಗಿನವನ ಕಾಯುವಿಕೆ ಹೊರಗಿನವನ ಕಾಯುವಿಕೆಗಿಂತ ಕಡಮೆಯಿರಬೇಕೆಂಬ ನಿಯಮವನ್ನು ಈ ವೃತ್ತಿಯವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

ಇಷ್ಟು ಹೇಳಿದ ಮಾತ್ರಕ್ಕೆ ನಕ್ಷೆಯೇ ಸರ್ವಜ್ಞವೆಂದು ಭಾವಿಸಬಾರದು. ಮೇಲಿನ ನಿದರ್ಶನದಲ್ಲಿಯೂ ನಕ್ಷೆ ತೋರಿಸಿದ್ದು ಎಲ್ಲಿ ನೋಡಬೇಕೆಂಬುದನ್ನು ಮಾತ್ರ. ಹತ್ತು ಮತ್ತು ಮೂರು ಎಂಬ ಅಂಕಿಗಳು ನಕ್ಷೆಯಲ್ಲಿಲ್ಲ, ಅವು ಸಿಗುವುದು ಸೇವೆಗಳ ಮೂಲಬರಹದಲ್ಲಿ. ಒಂದೊಂದು ಕೋರಿಕೆಯ ಜಾಡನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯುವ ‘ಯೇಗರ್’ ಎಂಬ ಇನ್ನೊಂದು ಸಾಧನದಲ್ಲಿ, ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬೇಟೆಗಾರ, ಮುಂಗಟ್ಟು ಎರಡು ಸಲ ಮೂರುಮೂರು ಸೆಕೆಂಡು ಕಾದು ಕೈಬಿಟ್ಟದ್ದು ಎರಡು ಪಟ್ಟಿಗಳಾಗಿ ಸ್ಪಷ್ಟವಾಗುತ್ತದೆ. ಆದರೆ ಇಸ್ಟಿಯೊ ಬೇಟೆಗಾರನಿಗೆ ಒಪ್ಪಿಸುವುದು, ಬೇರೆ ಹೇಳದಿದ್ದರೆ, ನೂರರಲ್ಲಿ ಒಂದು ಕೋರಿಕೆಯನ್ನು ಮಾತ್ರ. ಒಂದು ಅಗುಳನ್ನು ಹಿಚುಕಿ ನೋಡಿ ಮಡಕೆಯ ಅನ್ನವೆಲ್ಲ ಬೆಂದಿತೆನ್ನುವ ಸ್ಥಾಲೀಪುಲಾಕ ನ್ಯಾಯ ಇದು. ಒಂದೇ ಮಡಕೆಯಲ್ಲಿ ಒಂದೇ ಉರಿಗೆ ಬೆಂದ ಅಗುಳುಗಳಿಗೆ ಆ ನ್ಯಾಯ ಸಲ್ಲುತ್ತದೆ. ಒಬ್ಬನಿಗೊಂದು ದಾರಿ ಇನ್ನೊಬ್ಬನಿಗೊಂದು ದಾರಿ ಇರುವಲ್ಲಿ ಬೇಯದ ಅಗುಳು ಕೈಗೆ ಸಿಗದೆಯೇ ಹೋಗಬಹುದು. ಜೇಸನ್ನನ ದೂರನ್ನು ಪರೀಕ್ಷಿಸುವಾಗ ಈ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸಿಕೊಳ್ಳಬೇಕು.

ಇನ್ನೂ ದೊಡ್ಡ ಮಿತಿಯೊಂದಿದೆ. ಮಾತಿನ ನಕ್ಷೆಯಲ್ಲಿ ಗೆರೆ ಮೂಡುವುದು ಮಾತನಾಡಿದವರಿಗೆ ಮಾತ್ರ. ಆರಿಸಿಕೊಂಡ ಅವಧಿ ಕಳೆದ ಒಂದು ನಿಮಿಷವಾಗಿದ್ದು, ತಿಂಗಳಿಗೊಮ್ಮೆ ಸಂಬಳದ ಲೆಕ್ಕ ಮಾಡುವ ಸೇವೆ ಆ ನಿಮಿಷದಲ್ಲಿ ಸುಮ್ಮನಿದ್ದರೆ ಅದರ ಗೆರೆ ಕಾಣದು. ದೂತನನ್ನು ಕೂರಿಸದ ಪಾಡ್‌ಗಳು ನಕ್ಷೆಯಲ್ಲಿ ಅಪರಿಚಿತರಂತೆ ಉಳಿಯುತ್ತವೆ. ಹುಟ್ಟುವ ಮೊದಲೇ ಸಿಕ್ಕಿಬಿದ್ದ ಪಾಡ್‌ಗೆ ಮಾತೇ ಇಲ್ಲ: ಯಾವ ಯಂತ್ರದಲ್ಲಿಯೂ ಜಾಗ ಸಾಲದೆ ‘ಪೆಂಡಿಂಗ್’ ಎಂದು ಕುಳಿತದ್ದು, ಕಂಟೇನರಿನ ಮೂಲಪ್ರತಿಯನ್ನು ತರಲಾಗದೆ ‘ಇಮೇಜ್ ಪುಲ್ ಬ್ಯಾಕಾಫ್’ ಎಂದು ನಿಂತದ್ದು ಈ ವರ್ಗದವು. ಹುಟ್ಟಿದೊಡನೆ ಸಾಯುವ ‘ಕ್ರ್ಯಾಶ್ ಲೂಪ್ ಬ್ಯಾಕಾಫ್’ ಮತ್ತೊಂದು. ಇಲ್ಲಿ ಕರ್ಣಧಾರನು ಮರುಹುಟ್ಟಿಗೆ ಮೊದಲು ಹತ್ತು ಸೆಕೆಂಡು, ಮತ್ತೆ ಇಪ್ಪತ್ತು, ಮತ್ತೆ ನಲವತ್ತು ಎಂದು ಕಾಲವನ್ನು ಇಮ್ಮಡಿಸುತ್ತ ರೂಢಿಯಂತೆ ಐದು ನಿಮಿಷದವರೆಗೆ ಒಯ್ಯುತ್ತಾನೆ. ಆ ನಡುವೆ ನಕ್ಷೆಯಲ್ಲಿ ಗೆರೆ ಒಮ್ಮೆ ಮೂಡಿ ಒಮ್ಮೆ ಅಳಿದು ನ���ಡುವವನನ್ನು ಗೊಂದಲಕ್ಕೆ ಕೆಡವುತ್ತದೆ. ಇಂಥಲ್ಲೆಲ್ಲ ಕ್ಯೂಬ್‌ಕಂಟ್ರೋಲಿನ ‘ಡಿಸ್ಕ್ರೈಬ್’ ಮತ್ತು ‘ಲಾಗ್ಸ್’ ಎಂಬ ಆಜ್ಞೆಗಳಿಗೆ ಹಿಂದಿರುಗದೆ ಗತಿಯಿಲ್ಲ. ಸತ್ತ ಕಂಟೇನರಿನ ನಿರ್ಗಮನಸಂಖ್ಯೆ 137 ಎಂದಿದ್ದರೆ ಅದು ತಾನಾಗಿ ಸತ್ತದ್ದಲ್ಲ, ಒಂಬತ್ತನೆಯ ಸಂಜ್ಞೆಯಿಂದ ಕೊಲ್ಲಲ್ಪಟ್ಟದ್ದು; ಗೊತ್ತುಮಾಡಿದ ಸ್ಮೃತಿಯ ಮಿತಿಯನ್ನು ಮೀರಿದ್ದು ಬಹುಮಟ್ಟಿಗೆ ಅದಕ್ಕೆ ಕಾರಣವಾಗಿರುತ್ತದೆ. ಇಂಥ ಸತ್ಯವನ್ನು ಯಾವ ಬಣ್ಣದ ಗೆರೆಯೂ ಹೇಳಲಾರದು.

ಎರಡು ಗೆರೆಗಳು ಒಂದೇ ಹೊತ್ತಿಗೆ ಕೆಂಪಾದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಿಬಿಡುವ ಚಪಲವೂ ಉಂಟು. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಟ್ಟುವ ಚಪಲವದು. ಸೇವೆಗಳು ನೂರಾರಾದಾಗ ನಕ್ಷೆಯೇ ಸಿಕ್ಕುಬಿದ್ದ ನೂಲಿನುಂಡೆಯಾಗಿ, ನೋಡಿದವನಿಗೆ ವಿಸ್ಮಯವಾಗುವುದೇ ಹೊರತು ಅರ್ಥವಾಗುವುದಿಲ್ಲ. ಕೆಲವು ಕಛೇರಿಗಳಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ಅತಿಥಿಗಳಿಗೆ ತೋರಿಸುವ ಅಲಂಕಾರವಾಗಿ ಇಟ್ಟುಕೊಂಡಿರುವುದು ಶೋಚನೀಯ. ಅನುಭವಸ್ಥರು ನಕ್ಷೆಯನ್ನು ಸೋಸುತ್ತಾರೆ: ದೂರು ಬಂದ ಸೇವೆಯನ್ನು ನಡುವಿಗಿಟ್ಟು, ಅದರ ಒಂದೆರಡು ಹೆಜ್ಜೆಯ ನೆರೆಹೊರೆಯನ್ನು ಮಾತ್ರ ಉಳಿಸಿಕೊಂಡು, ಉಳಿದುದನ್ನು ಮರೆಮಾಡುತ್ತಾರೆ. ದುರ್ಬೀನನ್ನು ಕದಿಯುವವರ ಕೈಗೆ ಕೊಡಬಾರದೆಂಬುದನ್ನೂ ಹೇಳಬೇಕು. ಅಮೆರಿಕದ ಟೆಸ್ಲಾ ಸಂಸ್ಥೆಯ ಕುಬರ್ನೆಟೀಸ್ ನಿಯಂತ್ರಣಫಲಕವೊಂದು ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದಿದ್ದುದನ್ನು ಕಂಡ ಕಳ್ಳರು ಅಲ್ಲಿನ ಯಂತ್ರಗಳಲ್ಲಿ ತಮ್ಮ ಗೂಢನಾಣ್ಯವನ್ನು ಟಂಕಿಸಿಕೊಳ್ಳುತ್ತಿದ್ದ ಸಂಗತಿ 2018ರ ಫೆಬ್ರವರಿಯಲ್ಲಿ ಹೊರಬಿತ್ತು.

ಕುಬರ್ನೆಟೀಸ್, ಇಸ್ಟಿಯೊ, ಕಿಯಾಲಿ, ಬುಕ್‌ಇನ್ಫೊ ಎಲ್ಲವೂ ಮುಕ್ತ ತಂತ್ರಾಂಶಗಳು. ಕೊಳ್ಳಬೇಕಾದದ್ದು ಏನೂ ಇಲ್ಲ. ‘ಮಿನಿಕ್ಯೂಬ್’ ಎಂಬ ಸಾಧನದಿಂದ ಇಡೀ ಸಮೂಹವನ್ನು ಒಂದೇ ಗಣಕಯಂತ್ರದೊಳಗೆ ಅಡಕವಾಗಿ ನಿರ್ಮಿಸಬಹುದು. ಅದಕ್ಕೆ ನಾಲ್ಕು ಸಂಸ್ಕಾರಕಗಳನ್ನೂ 16 ಜಿಬಿ ಸ್ಮೃತಿಯನ್ನೂ ಮೀಸಲಿಡಬೇಕೆಂದು ಇಸ್ಟಿಯೊದವರ ಸೂಚನೆ. ಎಂದರೆ ಅದಕ್ಕಿಂತ ತುಸು ಹೆಚ್ಚಿನ ಸಾಮರ್ಥ್ಯದ ಯಂತ್ರವೊಂದು ಪ್ರಯೋಗಾಲಯದಲ್ಲಿದ್ದರೆ ಸಾಕು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಈ ವೃತ್ತಿಯಲ್ಲಿರುವ ಹಿರಿಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಮೇಲಿನ ಪ್ರಯೋಗವನ್ನು ಮಕ್ಕಳ ಮುಂದೆ ಆದ್ಯಂತ ಮಾಡಿ ತೋರಿಸಬಹುದು. ಪರದೆಯನ್ನು ತೆರೆಯುವ ಮೊದಲು ಮಕ್ಕಳಿಂದಲೇ ನಾಲ್ಕು ಬಿಂದುಗಳನ್ನೂ ಅವುಗಳ ಗೆರೆಗಳನ್ನೂ ಪಾಟಿಯ ಮೇಲೆ ಬರೆಸುವುದು, ಗೆರೆಗಳ ಮೇಲೆ ಮೂರು, ಹತ್ತು, ಏಳು ಎಂಬ ಅಂಕಿಗಳನ್ನು ಹಾಕಿಸಿ ಯಾರು ಯಾರನ್ನು ಬಿಟ್ಟು ಎದ್ದುಹೋಗುತ್ತಾರೆಂದು ಕೇಳುವುದು ಒಳ್ಳೆಯ ಕ್ರಮ. ಅನಂತರ ಜೇಸನ್ನನ ದಾರಿಯನ್ನು ಮೂರನೆಯ ಆವೃತ್ತಿಗೆ ತಿರುಗಿಸಿ, ವಿಘ್ನವನ್ನು ಏಳರಿಂದ ಎರಡು ಸೆಕೆಂಡಿಗೆ ಇಳಿಸಿ, ಪುಟವನ್ನು ಮತ್ತೆ ತೆರೆಸಬೇಕು. ವಿಮರ್ಶೆಯೂ ನಕ್ಷತ್ರಗಳೂ ಹಿಂದಿರುಗಿರುತ್ತವೆ. ಆ ನಕ್ಷತ್ರಗಳ ಬಣ್ಣ ಕೆಂಪೆಂಬುದನ್ನು ಕಂಡು ಯಾವನಾದರೂ ಹುಡುಗ ಇನ್ನೂ ದೋಷವಿದೆಯೆಂದು ಕೂಗಿದರೆ, ಅದು ಮೂರನೆಯ ಆವೃತ್ತಿಯ ಸಹಜವರ್ಣವೆಂದು ತಿಳಿಸಬೇಕಾಗುತ್ತದೆ.